ವಿವೇಚನೆಗೆ ಬಿಟ್ಟ ವಿಷಯ

ಫೆಬ್ರವರಿ 6, ಸೋಮವಾರ

ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಫೆಡರಲ್ ಏಜೆಂಟರು ಮನೆಗೆ ಬಂದಿದ್ದರು. ಅಣ್ಣ ಎಲ್ಡನ್‌ನನ್ನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಹಿಡಿದಿದ್ದಾರಂತೆ. ಅವನ ಟ್ರಕ್ಕಿನ ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಮೆತ್ ಎಂಬ ಮಾದಕ ಪುಡಿ ಸಿಕ್ಕಿದೆ. ಸೀಟಿನ ಕೆಳಗೆ ಅಪ್ಪನ ರಿವಾಲ್ವರ್ ಸಿಕ್ಕಿದೆ. ಪುಡಿಯ ವಿಷಯ ನನಗೆ ಗೊತ್ತಿರಲಿಲ್ಲ. ರಿವಾಲ್ವರ್ ವಿಷಯ ಗೊತ್ತಿತ್ತು.

ಇಬ್ಬರಲ್ಲಿ ದಪ್ಪಗಿದ್ದ ಗ್ರಿಗ್ಸ್‌ಬಿ ಎನ್ನುವವನೇ ಪ್ರಶ್ನೆ ಕೇಳಿದ. ಅಡುಗೆಮನೆಯ ಮೇಜಿನ ಮೇಲೆ ಸಣ್ಣ ನೋಟುಬುಕ್ಕು ಇಟ್ಟುಕೊಂಡ. "ರೆಕಾರ್ಡ್ ಮಾಡ್ಕೊಳಲ್ವಾ?" ಎಂದೆ. "ಇಲ್ಲಮ್ಮ, ಕೈಯಲ್ಲಿ ಬರ್ಕೊಂಡು ಆಮೇಲೆ ಆಫೀಸಲ್ಲಿ ಟೈಪ್ ಮಾಡ್ತೀವಿ" ಎಂದ. ಅವನು ಬರೆಯುವುದಾದರೆ ನಾನೂ ಬರೆದಿಡುತ್ತೇನೆ. ಮರೆಯುವ ಮೊದಲು, ಆಡಿದ್ದು ಆಡಿದ ಹಾಗೆ:

"ಗನ್ ಯಾರದ್ದು?"

"ಅಪ್ಪನದು. ಅಪ್ಪ ನವೆಂಬರಲ್ಲಿ ತೀರ್ಕೊಂಡ್ರು."

"ಟ್ರಕ್ಕಿಗೆ ಹೇಗೆ ಹೋಯ್ತು?"

"ನಾನೇ ಇಟ್ಟೆ."

"ಯಾಕೆ?"

ಅಮ್ಮ ಒಲೆಯ ಹತ್ತಿರ ನಿಂತಿದ್ದಳು. ನಾನು ಹೇಳಿದೆ: "ಅಮ್ಮ ಅದನ್ನ ತೊಡೆ ಮೇಲಿಟ್ಕೊಂಡು ಹಾಸಿಗೆ ಮೇಲೆ ಕೂತಿರೋದನ್ನ ಎರಡು ಸಲ ನೋಡಿದೆ. ಮನೇಲಿ ಇರ್ಬಾರ್ದು ಅನ್ನಿಸ್ತು."

ಗ್ರಿಗ್ಸ್‌ಬಿಯ ಪೆನ್ನು ನಿಂತಿತು. ಅಮ್ಮನನ್ನು ನೋಡಿದ, ನನ್ನನ್ನು ನೋಡಿದ. ಅದನ್ನು ಬರೆದುಕೊಂಡ ಹಾಗೆ ಕಾಣಲಿಲ್ಲ.

"ಅದು ಅಲ್ಲಿದೆ ಅಂತ ಎಲ್ಡನ್‌ಗೆ ಗೊತ್ತಿತ್ತಾ?"

ಅಮ್ಮ: "ಅವನಿಗೆ ಏನೂ ಗೊತ್ತಿರ್ಲಿಲ್ಲ ಸಾರ್."

ನಾನು: "ಗೊತ್ತಿತ್ತು. ನಾನೇ ಹೇಳಿದ್ದೆ. ಮೊಟ್ಟೆ ಕರೀತಾ ಇದ್ದ. 'ಹೂಂ, ಅಲ್ಲೇ ಇರ್ಲಿ, ಅಮ್ಮ ಸರಿಹೋಗೋ ತನಕ' ಅಂದ."

ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡದೆ ಕೋಟು ಹಾಕಿಕೊಂಡಳು. ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸಕ್ಕೆ ಹೊರಟುಹೋದಳು. ಕೇಳಿದ್ದಕ್ಕೆ ನಿಜ ಹೇಳಿದೆ. ಇದರಲ್ಲಿ ನನ್ನ ತಪ್ಪೇನು ಎಂದು ನನಗೆ ತಿಳಿಯುತ್ತಿಲ್ಲ.

ಫೆಬ್ರವರಿ 9, ಗುರುವಾರ

ಕೋರ್ಟಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಎಲ್ಡನ್ ಕಿತ್ತಳೆ ಬಣ್ಣದ ಅಂಗಿಯಲ್ಲಿದ್ದ. ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. ಜಾಮೀನು ಸಿಗಲಿಲ್ಲ.

ಕೋರ್ಟು ಕೊಟ್ಟ ವಕೀಲರ ಹೆಸರು ಪೆಂಬರ್ಟನ್. ವಯಸ್ಸಾದವರು, ಸೂಟಿನ ತೋಳಿನಲ್ಲಿ ಬೆಕ್ಕಿನ ಕೂದಲು. ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ವಿವರಿಸಿದರು. ಪುಡಿಯ ತೂಕಕ್ಕೆ ಕಡಿಮೆ ಎಂದರೂ ಐದು ವರ್ಷ. ಜಡ್ಜ್ ಮನಸ್ಸು ಮಾಡಿದರೂ ಅದಕ್ಕಿಂತ ಇಳಿಸುವ ಹಾಗಿಲ್ಲ. ಜತೆಗೆ ರಿವಾಲ್ವರಿನ ಆರೋಪ ಹೊರಿಸಿದರೆ ಇನ್ನೂ ಐದು, ಮೊದಲಿನ ಐದು ಮುಗಿದ ಮೇಲೆ ಶುರುವಾಗುವುದು.

"ಹೊರಿಸ್ತಾರಾ?" ಎಂದು ಅಮ್ಮ ಕೇಳಿದಳು.

"ಅದು ಸರ್ಕಾರಿ ವಕೀಲರಿಗೆ ಬಿಟ್ಟಿದ್ದು. ಇನ್ನೂ ನಿರ್ಧಾರ ಆಗಿಲ್ಲ."

ನಾನು ಬಾಯಿ ತೆರೆದೆ. ಅವರು ಅಂಗೈ ಎತ್ತಿದರು. "ಮಿಸ್ ಕಾಡಿಲ್, ಒಂದು ಮಾತು ನೆನಪಿರ್ಲಿ. ನಾನು ನಿಮ್ಮಣ್ಣನ ವಕೀಲ. ನಿಮ್ಮ ವಕೀಲ ಅಲ್ಲ. ಆಮೇಲೆ, ಡೈರಿ ಗಿಯರಿ ಬರೀತೀರಾ?"

"ಬರೀತೀನಿ."

ಅವರು ಕಣ್ಣು ಮುಚ್ಚಿ ತೆರೆದರು. "ನಾನು ಕೇಳ್ಲಿಲ್ಲ ಅಂದ್ಕೊಳ್ಳಿ."

ಫೆಬ್ರವರಿ 14, ಮಂಗಳವಾರ

ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ಕಾನೂನು ಪುಸ್ತಕಗಳ ಕೋಣೆ ಇದೆ. ಯಾರು ಬೇಕಾದರೂ ಹೋಗಬಹುದು, ಆದರೆ ಯಾರೂ ಹೋಗುವುದಿಲ್ಲ. ಅಲ್ಲಿ ಟ್ಯಾಕೆಟ್ ಎಂಬ ಮುದುಕರು ಹೀಟರಿನ ಪಕ್ಕ ಕೂತಿರುತ್ತಾರೆ. ನಲವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು.

"ಕಾಲೇಜಾ?" ಎಂದರು.

"ಹೈಸ್ಕೂಲೇ ಮುಗಿಸಿಲ್ಲ."

"ಯಾಕಮ್ಮ?"

ಹೇಳಿದೆ. ಹನ್ನೊಂದನೇ ತರಗತಿಯಲ್ಲಿ ಮೇಷ್ಟರೊಬ್ಬರು ಒಬ್ಬ ಹುಡುಗನ ಉತ್ತರಪತ್ರಿಕೆಯಲ್ಲಿ ಅಂಕ ತಿದ್ದಿದ್ದನ್ನು ನೋಡಿದೆ. ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳಿದೆ. ನಾನು ಸುಳ್ಳು ಹೇಳಿದ್ದೆಂದು ಬರೆದುಕೊಟ್ಟರೆ ವಿಷಯ ಮುಗಿಯುತ್ತದೆ ಎಂದರು ಹೆಡ್ಮಾಸ್ಟರ್. ಬರೆಯಲಿಲ್ಲ. ಬ್ಯಾಗು ತಗೊಂಡು ಹೊರಗೆ ಬಂದೆ. ಅವತ್ತಿನಿಂದ ಕಾರು ತೊಳೆಯುವ ಕಡೆ, ಕೋಳಿ ಕಾರ್ಖಾನೆ, ಈಗ ಟೈರ್ ಅಂಗಡಿ. ಯಾವುದೂ ನಾಲ್ಕು ತಿಂಗಳು ದಾಟಿಲ್ಲ.

ಟ್ಯಾಕೆಟ್ ನಗಲೂ ಇಲ್ಲ, ಹೊಗಳಲೂ ಇಲ್ಲ. ಹದಿನೆಂಟನೇ ಸಂಪುಟ ತಂದು ಮುಂದಿಟ್ಟರು. ಮೂರು ಗಂಟೆ ಓದಿದೆ. ಒಂದು ವಾಕ್ಯ ಒಂದು ಪುಟದಷ್ಟು ಉದ್ದ. ಕೊನೆಗೆ ಬರುವಷ್ಟರಲ್ಲಿ ಶುರು ಮರೆತಿರುತ್ತದೆ.

ಫೆಬ್ರವರಿ 16, ಗುರುವಾರ

ಮತ್ತೆ ಹೋದೆ. ಅರ್ಥವಾಗಲಿಲ್ಲ.

ಫೆಬ್ರವರಿ 23, ಗುರುವಾರ

ಜೈಲಿನಿಂದ ಎಲ್ಡನ್ ಫೋನ್ ಮಾಡಿದ್ದ. ಮೊದಲು ಯಂತ್ರದ ಧ್ವನಿ: ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ. ಮನೆಯಲ್ಲಿ ನಾವು ಆಡಿದ್ದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ, ಇವನು ಊಟದ ಬಗ್ಗೆ ಗೊಣಗುವುದನ್ನು ಮಾತ್ರ ಮಾಡುತ್ತಾರೆ.

"ಏನೇ ಜಡ್ಜಮ್ಮ, ಕಾನೂನು ಕಲೀತಿದೀಯಂತೆ? ನನ್ನ ನೋಡೋಕೆ ಬಂದಿದ್ದ ಗ್ರೇಡಿ ಹೇಳ್ದ. ಊರೆಲ್ಲ ನಗ್ತಿದೆ."

"ನಗ್ಲಿ. ಎಲ್ಡನ್, ಅವತ್ತು ಮೊಟ್ಟೆ ಕರೀತಿದ್ದಾಗ ನಾನು ನಿನಗೆ..."

"ಇಲ್ಲಿ ಮೊಟ್ಟೆ ಪುಡಿ ನೀರಲ್ಲಿ ಕಲಸಿ ಕೊಡ್ತಾರೆ ಕಣೇ. ವಾಕರಿಕೆ ಬರುತ್ತೆ."

"ಅದಲ್ಲ, ನಾನು ನಿನಗೆ..."

"ಶೆಲ್ಬಿ." ಅವನು ನನ್ನ ಹೆಸರು ಹಿಡಿದು ಕರೆಯುವುದೇ ಇಲ್ಲ. "ಅಮ್ಮ ಊಟ ಮಾಡ್ತಿದಾಳಾ?"

"ಮಾಡ್ತಿದಾಳೆ."

"ಸರಿ. ಇಡ್ತೀನಿ."

ಇಟ್ಟುಬಿಟ್ಟ. ಕರೆಗೆ ಕೊಟ್ಟ ಸಮಯದಲ್ಲಿ ಇನ್ನೂ ಒಂಬತ್ತು ನಿಮಿಷ ಬಾಕಿ ಇತ್ತು. ನನ್ನ ಬಾಯಿಗೆ ಅಷ್ಟು ಹೆದರುತ್ತಾರೆ ಎಲ್ಲರೂ.

ಮಾರ್ಚ್ 3, ಶುಕ್ರವಾರ

ಪೆಂಬರ್ಟನ್ ನಮ್ಮನ್ನು ಕಚೇರಿಗೆ ಕರೆದಿದ್ದರು. ಮೊದಲ ಸಲ ಅವರ ಮುಖದಲ್ಲಿ ಗೆಲುವಿತ್ತು. ಗ್ರಿಗ್ಸ್‌ಬಿ ನಮ್ಮ ಮನೆಯ ಮಾತುಕತೆಯನ್ನು ಟೈಪ್ ಮಾಡಿದ ವರದಿಯನ್ನು ಸರ್ಕಾರಿ ವಕೀಲರು ಕಳಿಸಿದ್ದಾರೆ. ನಮ್ಮ ಮನೆಗೆ ಬಂದ ದಿನಾಂಕ ಆರು, ಟೈಪ್ ಮಾಡಿದ್ದು ಹದಿನಾಲ್ಕು. ನಾನು ಓದಿದೆ. ಎರಡು ಸಲ ಓದಿದೆ.

ರಿವಾಲ್ವರನ್ನು ತಾನೇ ಟ್ರಕ್ಕಿನಲ್ಲಿ ಇಟ್ಟಿದ್ದಾಗಿ ಶೆಲ್ಬಿ ಕಾಡಿಲ್ ಹೇಳಿದಳು. ಅದು ಅಲ್ಲಿರುವುದು ಎಲ್ಡನ್‌ಗೆ ತಿಳಿದಿರಲಿಲ್ಲ ಎಂದು ಶೆಲ್ಬಿ ಕಾಡಿಲ್ ಹೇಳಿದಳು.

ಅಷ್ಟೇ. ಅಮ್ಮನ ಮಾತನ್ನು ನನ್ನ ಹೆಸರಿಗೆ ಬರೆದಿದ್ದಾನೆ. ಎಂಟು ದಿನ ಬಿಟ್ಟು ನೋಟುಬುಕ್ಕು ತೆರೆದರೆ ಯಾರ ಮಾತು ಯಾರದೆಂದು ಹೇಗೆ ಗೊತ್ತಾಗಬೇಕು? ಯಾಕೆ ಇಟ್ಟೆ ಎನ್ನುವುದಂತೂ ವರದಿಯಲ್ಲಿ ಇಲ್ಲವೇ ಇಲ್ಲ.

"ಸರ್ಕಾರದ ಕಾಗದವೇ ಅವನಿಗೆ ಗೊತ್ತಿರ್ಲಿಲ್ಲ ಅಂತಿದೆ. ಇದರ ಮೇಲೆ ಆ ಆರೋಪ ಬೀಳೋದು ಕಷ್ಟ" ಎಂದರು ಪೆಂಬರ್ಟನ್.

"ಆದ್ರೆ ನಾನು..."

ಅಂಗೈ ಮತ್ತೆ ಮೇಲಕ್ಕೆ. "ನಾನು ಯಾರ ವಕೀಲ?"

"ಎಲ್ಡನ್‌ನ ವಕೀಲ."

"ನೀವು ಈಗ ಹೇಳೋಕೆ ಹೊರಟಿರೋದನ್ನ ನಾನು ಒಂದು ಸಲ ಕೇಳಿಸ್ಕೊಂಡ್ರೆ, ಕೇಳಿಸ್ಕೊಂಡಿಲ್ಲ ಅನ್ನೋಕೆ ಆಗಲ್ಲ."

ಅಮ್ಮ ನನ್ನ ಮೊಣಕೈ ಹಿಡಿದಳು. ಒಂದು ತಿಂಗಳಲ್ಲಿ ಅವಳು ನನ್ನನ್ನು ಮುಟ್ಟಿದ್ದು ಇದೇ ಮೊದಲು. ವರದಿಯನ್ನು ಅವರ ಮೇಜಿನ ಮೇಲೆ ವಾಪಸು ಇಟ್ಟೆ.

ಮಾರ್ಚ್ 8, ಬುಧವಾರ

ಇವತ್ತು ಟ್ಯಾಕೆಟ್‌ರ ಜತೆ ಜಗಳವಾಡಿದೆ.

ಒಂದೇ ತಪ್ಪು, ಒಂದೇ ಕಾನೂನು. ಹಾಗಿದ್ದರೆ ಒಬ್ಬನ ಮೇಲೆ ಆರೋಪ ಹೊರಿಸುತ್ತಾರೆ, ಇನ್ನೊಬ್ಬನ ಮೇಲೆ ಇಲ್ಲ, ಅದು ಹೇಗೆ? ಯಾವ ಪುಟದಲ್ಲಿದೆ? "ಯಾವ ಪುಟದಲ್ಲೂ ಇಲ್ಲ" ಎಂದರು. "ಅದಕ್ಕೆ ವಿವೇಚನಾಧಿಕಾರ ಅಂತಾರೆ. ಆರೋಪ ಹೊರಿಸ್ಬೇಕೋ ಬೇಡ್ವೋ ಸರ್ಕಾರಿ ವಕೀಲರೇ ನಿರ್ಧಾರ ಮಾಡ್ತಾರೆ. ಹೊರಿಸದೆ ಇದ್ರೆ ಯಾಕೆ ಅಂತ ಯಾರಿಗೂ ಹೇಳ್ಬೇಕಾಗಿಲ್ಲ."

"ಜಡ್ಜ್‌ಗೂ?"

"ಜಡ್ಜ್‌ಗೂ."

"ಹಾಗಿದ್ರೆ ಇಷ್ಟೆಲ್ಲ ಪುಸ್ತಕ ಯಾಕೆ?"

"ಅವರೂ ಇದನ್ನ ಓದಿರ್ತಾರಮ್ಮ" ಎಂದರು. ಥರ್ಮಾಸಿನಿಂದ ನನಗೂ ಕಾಫಿ ಬಗ್ಗಿಸಿದರು.

ಸಿಟ್ಟಿನಲ್ಲಿ ಮತ್ತೆ ಅದೇ ಬಂದೂಕಿನ ಸೆಕ್ಷನ್ ತೆಗೆದೆ. ಈ ಸಲ ಒಂದು ಪದ ಕಣ್ಣಿಗೆ ಬಿತ್ತು. ಬಂದೂಕು ಬರೀ ಅಲ್ಲಿದ್ದರೆ ಸಾಲದು, ಅದು ಪುಡಿಯ ವ್ಯಾಪಾರಕ್ಕೆ ನೆರವಾಗಲೆಂದು ಇರಬೇಕು. ಟ್ಯಾಕೆಟ್ ಹಳೆಯ ತೀರ್ಪುಗಳನ್ನು ಹುಡುಕಿಕೊಟ್ಟರು. ನೆರವಾಗಲೆಂದೇ ಎಂದು ಹೇಳಿದವೂ ಇವೆ, ಅಲ್ಲ ಎಂದು ಹೇಳಿದವೂ ಇವೆ. ಯಾಕೆ ಇಟ್ಟಿದ್ದು ಎನ್ನುವುದೇ ಪ್ರಶ್ನೆ. ಗ್ರಿಗ್ಸ್‌ಬಿ ಬರೆದುಕೊಳ್ಳದೆ ಬಿಟ್ಟಿದ್ದು ಅದನ್ನೇ.

ಮನೆಗೆ ಬಂದಾಗ ಅಮ್ಮ ಬೀನ್ಸ್ ಬೇಯಿಸಿಟ್ಟು ಮಲಗಿದ್ದಳು. ಜೋಳದ ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿತ್ತು. ಅವಳನ್ನು ಎಬ್ಬಿಸಿ ಹೇಳಬೇಕೆಂದುಕೊಂಡೆ. ಏನೆಂದು ಹೇಳಲಿ? ನಿನ್ನ ತೊಡೆಯ ಮೇಲಿದ್ದದ್ದು ಅಣ್ಣನನ್ನು ಉಳಿಸಬಹುದು ಎಂದೇ?

ಮಾರ್ಚ್ 16, ಗುರುವಾರ

ಸರ್ಕಾರಿ ವಕೀಲೆ ಮಿಸ್ ಹಾರ್ಗಿಸ್ ನಿರ್ಧಾರ ಮಾಡುವ ಮೊದಲು ನನ್ನನ್ನು ನೋಡಬೇಕಂತೆ. ಮಂಗಳವಾರ ಎರಡು ಗಂಟೆಗೆ. ಪೆಂಬರ್ಟನ್ ಫೋನಿನಲ್ಲಿ ತುಂಬಾ ನಿಧಾನವಾಗಿ ಹೇಳಿದರು: "ಇದು ಸಮನ್ಸ್ ಅಲ್ಲ. ಬನ್ನಿ ಅಂತ ಕೇಳ್ತಿದಾರೆ, ಅಷ್ಟೇ. ಹೋಗಿ ಅಂತಾಗ್ಲಿ ಹೋಗ್ಬೇಡಿ ಅಂತಾಗ್ಲಿ ನಾನು ಹೇಳೋ ಹಾಗಿಲ್ಲ."

ಹೋಗದಿದ್ದರೆ ಆ ವರದಿ ಹಾಗೇ ಉಳಿಯುತ್ತದೆ. ಹೋದರೆ ಗೊತ್ತಿತ್ತಾ ಎಂದು ಕೇಳುತ್ತಾರೆ, ನಾನು ಗೊತ್ತಿತ್ತು ಎನ್ನುತ್ತೇನೆ. ಆಮೇಲೆ ಅಣ್ಣನಿಗೆ ಉಳಿಯುವುದು ರಿವಾಲ್ವರನ್ನು ಯಾಕೆ ಇಟ್ಟೆ ಎನ್ನುವ ಮಾತು ಮಾತ್ರ. ಅದು ಅಮ್ಮನದು.

ಇಡೀ ದಿನ ಟೈರು ಬಿಚ್ಚಿದೆ, ಹಾಕಿದೆ. ಭುಜ ನೋಯುತ್ತಿದೆ.

ಮಾರ್ಚ್ 19, ಭಾನುವಾರ

ಚರ್ಚಿನಿಂದ ಬಂದು ಅಮ್ಮ ಶೂ ಬಿಚ್ಚುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. ಸೆಕ್ಷನ್ನಿನ ವಿಷಯ ಹೇಳಿದೆ, ಗ್ರಿಗ್ಸ್‌ಬಿ ಏನು ಬಿಟ್ಟಿದ್ದಾನೆಂದು ಹೇಳಿದೆ. ಆಮೇಲೆ ಕೇಳಿದೆ.

"ಅಮ್ಮ, ಅದನ್ನ ಅಲ್ಲಿ ಹೇಳ್ಲಾ?"

ಅವಳು ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಕೂತಳು.

"ಅವತ್ತು ನನ್ನ ಕೇಳ್ದೇನೇ ಹೇಳ್ದೆಯಲ್ಲ" ಎಂದಳು.

"ಹೂಂ."

"ಅವನ ಮುಂದೆ. ನನ್ನ ಅಡುಗೆಮನೇಲಿ. ಅವನು ನನ್ನ ಹೇಗೆ ನೋಡ್ದ ಗೊತ್ತಾ ನಿನಗೆ?"

"ನೋಡ್ದೆ."

"ನಾನು ಬೇಡ ಅಂದ್ರೆ?"

"ಬೇಡ ಅಂದ್ರೆ ಹೋಗಲ್ಲ" ಎಂದೆ. ಬಾಯಿಂದ ಬಂದ ಮೇಲೆ ಅದು ನಿಜವೆಂದು ತಿಳಿಯಿತು.

ಅಮ್ಮ ಇನ್ನೊಂದು ಶೂ ಬಿಚ್ಚಿ ಒಳಗೆ ಹೋದಳು.

ಮಾರ್ಚ್ 20, ಸೋಮವಾರ

ಅಮ್ಮ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಾಲ್ಕು ಸಲ ಬಾಯಿ ತನಕ ಬಂದಿತ್ತು.

ಮಾರ್ಚ್ 21, ಮಂಗಳವಾರ

ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಅಪ್ಪನ ಅಂತ್ಯಕ್ರಿಯೆಗೆ ಹಾಕಿದ್ದ ಕಪ್ಪು ಉಡುಪಿನಲ್ಲಿ, ಪರ್ಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನೀನು ಹೇಳ್ಬೇಡ. ನಾನೇ ಹೇಳ್ತೀನಿ. ನೀನು ಬರೀತೀಯಲ್ಲ, ಆ ಪುಸ್ತಕಾನೂ ತಗೋ."

ದಾರಿಯಲ್ಲಿ ರೇಡಿಯೋ ಹಾಕಲಿಲ್ಲ.

ಮಿಸ್ ಹಾರ್ಗಿಸ್ ನಾನು ಎಣಿಸಿದ್ದಕ್ಕಿಂತ ಚಿಕ್ಕವರು. ನೆಗಡಿಯಾಗಿತ್ತು, ಮೇಜಿನ ಮೇಲೆ ಟಿಶ್ಯೂ ಡಬ್ಬಿ. ಕಿಟಕಿಯ ಬಳಿ ಗ್ರಿಗ್ಸ್‌ಬಿ ಕೂತಿದ್ದ. ಅಮ್ಮನನ್ನು ನೋಡಿ ಹಾರ್ಗಿಸ್, "ನಾನು ಮಗಳನ್ನ ಮಾತ್ರ ಕರೆದಿದ್ದು" ಎಂದರು.

"ಗೊತ್ತಮ್ಮ. ಹೇಳೋದಿರೋದು ನನಗೆ" ಎಂದಳು ಅಮ್ಮ.

ಹೇಳಿದಳು. ಅಪ್ಪ ಹೋದ ಮೇಲೆ ಮನೆ ಎಷ್ಟು ಸದ್ದಿಲ್ಲದೆ ಇತ್ತು ಎನ್ನುವುದರಿಂದ ಶುರುಮಾಡಿದಳು. ಅಪ್ಪನ ಕಾಫಿ ಕಪ್ಪನ್ನು ತೊಳೆಯಲಾಗದೆ ಹಾಗೇ ಇಟ್ಟಿದ್ದನ್ನು ಹೇಳಿದಳು. ನನಗೆ ಗೊತ್ತಿಲ್ಲದ್ದೂ ಇತ್ತು: ನಾನು ನೋಡಿದ್ದು ಎರಡು ಸಲ, ಅವಳು ಹಾಗೆ ಕೂತಿದ್ದು ಅದಕ್ಕಿಂತ ಹೆಚ್ಚು ಸಲ. "ಒಂದಿನ ತೆಗೆಯೋಕೆ ಹೋದ್ರೆ ಅಲ್ಲಿ ಇರ್ಲಿಲ್ಲ. ಮಕ್ಕಳು ಬಚ್ಚಿಟ್ಟಿದಾರೆ ಅಂತ ಗೊತ್ತಾಯ್ತು. ಸಿಟ್ಟು ಬಂತು. ಆಮೇಲೆ ಟೋಸ್ಟ್ ಮಾಡ್ಕೊಂಡು ತಿಂದೆ" ಎಂದಳು. ನಾನು ನನ್ನ ಬೂಟಿನ ಗಂಟನ್ನೇ ನೋಡುತ್ತಾ ಕೂತಿದ್ದೆ. ಎರಡು ಕಡೆ ತಿದ್ದಬೇಕೆನ್ನಿಸಿತು, ದಿನಾಂಕ ತಪ್ಪಿತ್ತು. ತಿದ್ದಲಿಲ್ಲ.

ಹಾರ್ಗಿಸ್ ಗ್ರಿಗ್ಸ್‌ಬಿಯ ಕಡೆ ತಿರುಗಿದರು. "ಇದು ನಿಮ್ಮ ವರದಿಯಲ್ಲಿ ಇಲ್ಲ."

"ಕೇಸಿಗೆ ಸಂಬಂಧ ಇಲ್ಲ ಅನ್ನಿಸ್ತು ಮೇಡಂ. ಮನೆ ವಿಷಯ." ಕಿಟಕಿಯ ಕಡೆ ತಿರುಗಿ, "ಬರ್ಕೊಳ್ಳೋಕೆ ಮನಸ್ಸಾಗ್ಲಿಲ್ಲ" ಎಂದ. ಅಮ್ಮ ಅವನನ್ನು ನೋಡಿದಳು. ಅವತ್ತಿನ ಅವನ ನೋಟ ಏನಾಗಿತ್ತೆಂದು ಬಹುಶಃ ನಾವಿಬ್ಬರೂ ತಪ್ಪು ತಿಳಿದಿದ್ದೆವು.

ಆಮೇಲೆ ಹಾರ್ಗಿಸ್ ನನ್ನನ್ನು ಕೇಳಿದರು. "ಮಿಸ್ ಕಾಡಿಲ್, ಅದು ಅಲ್ಲಿದೆ ಅಂತ ನಿಮ್ಮಣ್ಣನಿಗೆ ಗೊತ್ತಿರ್ಲಿಲ್ಲ. ಹಾಗೆ ಅಲ್ವಾ ನೀವು ಹೇಳಿದ್ದು?"

ಹೌದು ಎಂದರೆ ಮುಗಿಯುತ್ತಿತ್ತು. ಅಮ್ಮನ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದಳು, ಒಂದೇ ಸಲ.

"ಗೊತ್ತಿತ್ತು. ನಾನೇ ಹೇಳಿದ್ದೆ. ವರದಿಯಲ್ಲಿ ಅಮ್ಮನ ಮಾತು ನನ್ನ ಹೆಸರಿಗೆ ಬಂದಿದೆ. ಅವತ್ತೇ ಬರೆದಿಟ್ಟಿದೀನಿ."

ಈ ಪುಸ್ತಕವನ್ನು ತೆರೆದು ಕೊಟ್ಟೆ. ಆರನೇ ತಾರೀಖಿನ ಪುಟಗಳನ್ನು ಅವರು ಬೆರಳಿಟ್ಟು ಓದಿದರು. 'ಅಲ್ಲೇ ಇರ್ಲಿ, ಅಮ್ಮ ಸರಿಹೋಗೋ ತನಕ' ಎನ್ನುವ ಕಡೆ ಬೆರಳು ನಿಂತಿತು. ಮೂಗು ಒರೆಸಿಕೊಂಡರು. ನೆಗಡಿಯೋ ಏನೋ ಗೊತ್ತಿಲ್ಲ. ನಾನು ಊಹೆ ಬರೆಯುವುದಿಲ್ಲ.

"ಈಗ ನೀವು ಹೇಳಿದ್ದರಿಂದ ಆ ಆರೋಪ ಹೊರಿಸೋದು ನನಗೆ ಸುಲಭ ಆಯ್ತು. ಅದು ನಿಮಗೆ ಗೊತ್ತಾ?"

"ಗೊತ್ತು. ಸೆಕ್ಷನ್ ಓದಿದೀನಿ."

"ಯಾವ ಕಾಲೇಜು?"

"ಟೈರ್ ಅಂಗಡಿ" ಎಂದೆ.

ಆ ಎರಡು ಪುಟಗಳ ಪ್ರತಿ ತೆಗೆಸಿಕೊಂಡು ಪುಸ್ತಕ ವಾಪಸು ಕೊಟ್ಟರು. ಮುಂದೇನೆಂದು ಹೇಳಲಿಲ್ಲ.

ಬರುವಾಗ ಅಮ್ಮ ದಾರಿಬದಿಯಲ್ಲಿ ಕಾರು ನಿಲ್ಲಿಸಲು ಹೇಳಿ ಎರಡು ಐಸ್‌ಕ್ರೀಮ್ ತಂದಳು. ಮಾರ್ಚ್ ಚಳಿಯಲ್ಲಿ. ಇಬ್ಬರೂ ಹೀಟರ್ ಹಾಕಿಕೊಂಡು ತಿಂದೆವು.

ಮಾರ್ಚ್ 30, ಗುರುವಾರ

ಏನೂ ಸುದ್ದಿಯಿಲ್ಲ.

ಏಪ್ರಿಲ್ 12, ಬುಧವಾರ

ಪೆಂಬರ್ಟನ್ ಫೋನ್ ಮಾಡಿದರು. ಎಲ್ಡನ್ ಪುಡಿಯ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ರಿವಾಲ್ವರಿನ ಆರೋಪ ಹೊರಿಸುವುದಿಲ್ಲ.

"ಯಾಕಂತೆ?"

"ಪತ್ರದಲ್ಲಿ ಕಾರಣ ಬರೆದಿಲ್ಲ. ಬರೆಯೋದೂ ಇಲ್ಲ."

"ಅಮ್ಮ ಹೇಳಿದ್ದಕ್ಕಾ? ನನ್ನ ಪುಸ್ತಕಕ್ಕಾ? ಸೆಕ್ಷನ್ ಪ್ರಕಾರ ನಿಲ್ಲಲ್ಲ ಅಂತಾನಾ?"

"ಮಿಸ್ ಕಾಡಿಲ್," ಎಂದರು, "ಹೋಗಿ ಮಲಗಿ."

ಟ್ಯಾಕೆಟ್‌ರನ್ನೂ ಕೇಳಿದೆ. ತಮಗೂ ಗೊತ್ತಿಲ್ಲವೆಂದು ಭುಜ ಕುಣಿಸಿದರು. ಮುಂಚೆಯಾಗಿದ್ದರೆ ಹಾರ್ಗಿಸ್ ಕಚೇರಿಗೇ ಹೋಗಿ ಕೇಳುತ್ತಿದ್ದೆ. ಇವತ್ತು ಸುಸ್ತಾಗಿತ್ತು. ಹಾಗಾಗಿ ಹೋಗಲಿಲ್ಲ, ಅಷ್ಟೇ.

ಜುಲೈ 25, ಮಂಗಳವಾರ

ಇವತ್ತು ಕೋರ್ಟಿನಲ್ಲಿ ಶಿಕ್ಷೆ ಹೇಳಿದರು: ಅರವತ್ತು ತಿಂಗಳು. ಇಲ್ಲಿ ವರ್ಷ ಎನ್ನುವುದಿಲ್ಲ, ತಿಂಗಳಲ್ಲಿ ಹೇಳುತ್ತಾರೆ. ಎಲ್ಡನ್ ಹೊರಗೆ ಹೋಗುವಾಗ ತಿರುಗಿ, "ಜಡ್ಜಮ್ಮ, ಟ್ರಕ್ಕಿನ ಆಯಿಲ್ ಬದಲಾಯ್ಸು" ಎಂದ. ಟ್ರಕ್ಕನ್ನು ಸರ್ಕಾರ ಇಟ್ಟುಕೊಂಡಿದೆ, ಅವನಿಗೂ ಗೊತ್ತು. "ಬದಲಾಯಿಸ್ತೀನಿ" ಎಂದೆ.

ಐದು ವರ್ಷ ಕಡಿಮೆಯಾಯಿತೆಂದು ಸಂತೋಷಪಡಬೇಕು. ಐದು ವರ್ಷ ಎಂದರೆ ಎಷ್ಟೆಂದು ಇವತ್ತು ಅವನ ಬೆನ್ನು ನೋಡಿದ ಮೇಲೆ ತಿಳಿಯಿತು. ಅಮ್ಮ ಕಾರಿನಲ್ಲಿ ಇಡೀ ದಾರಿ ನಿದ್ದೆ ಮಾಡಿದಳು. ಬಾಯಿ ತೆರೆದುಕೊಂಡಿತ್ತು.

ಆಗಸ್ಟ್ 8, ಮಂಗಳವಾರ

ಟೈರ್ ಅಂಗಡಿಯವರು ಅಂಗಿಯ ಮೇಲೆ ನನ್ನ ಹೆಸರು ಹೊಲಿಸಿಕೊಟ್ಟರು. ಆರು ತಿಂಗಳು ಇದ್ದವರಿಗೆಲ್ಲ ಕೊಡುತ್ತಾರಂತೆ. ಟ್ಯಾಕೆಟ್ ಹೈಸ್ಕೂಲ್ ಪರೀಕ್ಷೆಯ ಅರ್ಜಿ ತಂದಿಟ್ಟಿದ್ದಾರೆ, ಅದರ ಮೇಲೆ ಕಾಫಿ ಚೆಲ್ಲಿದೆ, ಒಣಗಬೇಕು.

ಸರ್ಕಾರದಿಂದ ಒಂದು ಕಾಗದ ಬಂದಿತ್ತು. ವಶಪಡಿಸಿಕೊಂಡ ವಸ್ತು: ಒಂದು ರಿವಾಲ್ವರ್. ಹಕ್ಕುದಾರರು ಯಾರಾದರೂ ಇದ್ದರೆ ತಿಳಿಸಿದ ಅವಧಿಯೊಳಗೆ ಬರೆದು ಕಳಿಸಬೇಕು, ಇಲ್ಲವಾದರೆ ಅದು ಸರ್ಕಾರದ್ದು. ಅಮ್ಮನ ಹೆಸರಿಗೇ ಬಂದಿತ್ತು. ಒಡೆದು ಮೇಜಿನ ಮೇಲಿಟ್ಟಿದ್ದಳು. ನಾನು ಓದಿ ಹಾಗೇ ಇಟ್ಟೆ.

ಸಂಜೆ ನೋಡಿದರೆ ಆ ಹಾಳೆ ಮಗುಚಿ ಬಿದ್ದಿತ್ತು, ಹಿಂಬದಿಯಲ್ಲಿ ಅಮ್ಮನ ಅಕ್ಷರ. ಜೋಳದ ಹಿಟ್ಟು, ಬೀನ್ಸ್, ಈರುಳ್ಳಿ, ಮೊಟ್ಟೆ ಎರಡು ಡಜನ್. ಕೆಳಗೆ: ಹೊಸ ಕಾಫಿ ಕಪ್ಪು, ಎರಡು.

"ಅಂಗಡಿಗೆ ಹೋಗ್ತೀಯಾ?" ಎಂದು ಕೂಗಿದಳು.

ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೊರಟೆ. ಅದರ ಆ ಕಡೆ ಏನಿದೆ ಎಂದು ನಾನು ಹೇಳಲಿಲ್ಲ. ಅವಳಿಗೆ ಓದಲು ಬರುತ್ತದೆ.